ಎಲ್ಲರೂ ಹಚ್ಚಿದರು, ನಾನೂ ಹಚ್ಚಿದೆ



ಕಟಾವು ಮುಗಿಯಿತು. ಕೊನೆಯ ಗಾಡಿ ತುಂಬಿ ಕಾರಖಾನೆಯ ದಾರಿ ಹಿಡಿಯಿತು. ಟೋಳಿಯವರು ಮುಂದಿನ ಹೊಲಕ್ಕೆ ನಡೆದರು. ನಿಮ್ಮ ಹೊಲದ ತುಂಬ ರವದಿ ಬಿದ್ದಿದೆ. ಸಂಜೆಯ ಹೊತ್ತಿಗೆ ಮೂಡಲ ಮಗ್ಗುಲಿನ ಹೊಲದಲ್ಲಿ ಹೊಗೆ ಎದ್ದಿತು. ಸ್ವಲ್ಪ ಹೊತ್ತಿಗೆ ಅದರಾಚೆಯ ಹೊಲದಲ್ಲಿಯೂ ಎದ್ದಿತು. ನೀವೂ ಕಿಸೆಯೊಳಗಿನ ಕಡ್ಡಿಪೆಟ್ಟಿಗೆ ತೆಗೆದಿರಿ. ಅರ್ಧ ತಾಸಿನಲ್ಲಿ ಹೊಲ ಸ್ವಚ್ಛವಾಯಿತು.

ಯಾಕೆ ಸುಟ್ಟಿರಿ ಎಂದು ಯಾರಾದರೂ ಕೇಳಿದರೆ ಬರುವ ಉತ್ತರ ಒಂದೇ: “ಎಲ್ಲಾರೂ ಸುಡತಾರ್ರೀ.”

ರವದಿ ಸುಡಬಾರದು ಎಂಬುದು ನಿಮಗೆ ಗೊತ್ತಿಲ್ಲವೆಂದಲ್ಲ. ಶೇತಕಿ ಖಾತೆಯವರು ಹೇಳಿದ್ದಾರೆ. ಇಂಥ ಪತ್ರಿಕೆಗಳಲ್ಲಿ ಓದಿದ್ದೀರಿ. ಸುಟ್ಟ ಮೇಲೆ ಭೂಮಿಯ ಮೈ ಬಿಸಿಯಾಗಿ ಮೇಲ್ಪದರಿನ ಎರೆಹುಳ, ಸೂಕ್ಷ್ಮಜೀವಿಗಳು ಸಾಯುತ್ತವೆ ಎಂಬುದನ್ನೂ ಬಲ್ಲಿರಿ. ಬಲ್ಲವರೇ ಕಡ್ಡಿ ಗೀರುತ್ತಾರೆ. ಅಂದ ಮೇಲೆ ಇಲ್ಲಿ ಕೊರತೆ ಇರುವುದು ತಿಳಿವಳಿಕೆಯದಲ್ಲ. ಬೇರೆ ಏನೋ ಒಂದು ಶಕ್ತಿ ನಮ್ಮ ಕೈಯಿಂದ ಆ ಕಡ್ಡಿ ಗೀರಿಸುತ್ತದೆ. ಆ ಶಕ್ತಿಯ ಹೆಸರು ‘ಮಂದಿ’. ಅದು ನಮ್ಮ ಮೇಲೆ ಹೇಗೆ ಕೆಲಸ ಮಾಡುತ್ತದೆ, ಅದನ್ನು ನಾವು ಹೇಗೆ ಅರಿತು ನಡೆಯಬೇಕು ಎಂಬುದೇ ಈ ಲೇಖನದ ವಿಷಯ. ಗೊಬ್ಬರದ ಮಾತು ಕೊನೆಗೆ ಬರುತ್ತದೆ. ಮೊದಲು ಮನಸ್ಸಿನ ಮಾತು.

ಗೆರೆಗಳ ಪರೀಕ್ಷೆ

ಅಮೇರಿಕೆಯಲ್ಲಿ ಸಾಲೊಮನ್ ಆಶ್ ಎಂಬ ಮನಃಶಾಸ್ತ್ರದ ಪ್ರಾಧ್ಯಾಪಕರಿದ್ದರು. 1950ರ ದಶಕದಲ್ಲಿ ಅವರು ಕಾಲೇಜು ತರುಣರ ಮೇಲೆ ಒಂದು ಸರಳವಾದ ಪರೀಕ್ಷೆ ಮಾಡಿದರು. ಒಂದು ಕೋಣೆಯಲ್ಲಿ ಏಳರಿಂದ ಒಂಬತ್ತು ಜನರನ್ನು ಕೂಡಿಸಿದರು. ಒಂದು ರಟ್ಟಿನ ಮೇಲೆ ಒಂದೇ ಗೆರೆ. ಇನ್ನೊಂದು ರಟ್ಟಿನ ಮೇಲೆ ಮೂರು ಗೆರೆ. ಈ ಮೂರರಲ್ಲಿ ಯಾವುದು ಮೊದಲಿನ ಗೆರೆಯಷ್ಟು ಉದ್ದವಿದೆ ಎಂದು ಒಬ್ಬೊಬ್ಬರಾಗಿ ಎಲ್ಲರ ಎದುರು ಹೇಳಬೇಕು. ಗೆರೆಗಳ ನಡುವಿನ ವ್ಯತ್ಯಾಸ ಮುಕ್ಕಾಲು ಇಂಚಿನಿಂದ ಒಂದೂ ಮುಕ್ಕಾಲು ಇಂಚಿನಷ್ಟಿತ್ತು. ಕಣ್ಣಿದ್ದವರಾರಿಗೂ ತಪ್ಪುವಂಥದ್ದಲ್ಲ.

ಆದರೆ ಇದರಲ್ಲಿ ಒಂದು ಗುಟ್ಟಿತ್ತು. ಆ ಕೋಣೆಯಲ್ಲಿ ನಿಜವಾಗಿ ಪರೀಕ್ಷೆಗೆ ಒಳಗಾದವನು ಒಬ್ಬನೇ. ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ಬಂದವರು. ಆ ಒಬ್ಬನನ್ನು ಸಾಲಿನ ಕೊನೆಯ ಹತ್ತಿರ ಕೂಡಿಸಿದ್ದರು. ಹೀಗೆ 18 ಸಲ ಕೇಳಿದರು. ಅದರಲ್ಲಿ 12 ಸಲ ಉಳಿದವರೆಲ್ಲ ಒಂದೇ ದನಿಯಿಂದ ತಪ್ಪು ಗೆರೆಯನ್ನು ತೋರಿಸಿದರು. ಈಗ ಇವನ ಪಾಳಿ ಬಂತು. ಕಣ್ಣು ಒಂದು ಹೇಳುತ್ತದೆ, ಮಂದಿ ಇನ್ನೊಂದು ಹೇಳುತ್ತಾರೆ. ಇವನು ಯಾರ ಮಾತು ಕೇಳಬೇಕು?

ಒಬ್ಬನೇ ಕುಳಿತು ಉತ್ತರ ಬರೆದಾಗ ನೂರಕ್ಕೆ ಒಂದು ತಪ್ಪೂ ಆಗುತ್ತಿರಲಿಲ್ಲ. ಆದರೆ ಮಂದಿಯ ನಡುವೆ ಕುಳಿತಾಗ ನೂರಕ್ಕೆ ಸುಮಾರು 37 ಉತ್ತರಗಳು ಮಂದಿಯ ಕಡೆಗೆ ವಾಲಿದವು. ಹೀಗೆ ಪರೀಕ್ಷೆಗೊಳಗಾದ 123 ಜನರ ಪೈಕಿ ಸುಮಾರು ಮುಕ್ಕಾಲು ಪಾಲು ಜನ ಒಂದು ಸಲವಾದರೂ ತಮ್ಮ ಕಣ್ಣನ್ನು ಬಿಟ್ಟು ಮಂದಿಯ ಮಾತಿಗೆ ಹೂಂಗುಟ್ಟಿದರು. ಸುಮಾರು ಕಾಲು ಪಾಲು ಜನ ಮಾತ್ರ ಒಮ್ಮೆಯೂ ಬಗ್ಗಲಿಲ್ಲ.

ಇವರು ದಡ್ಡರೇ? ಅಲ್ಲ, ಕಲಿತ ಹುಡುಗರು. ಯಾರಾದರೂ ಬೆದರಿಸಿದ್ದರೇ? ಇಲ್ಲ. ಬಹುಮಾನದ ಆಸೆ ಇತ್ತೇ? ಅದೂ ಇಲ್ಲ.   ಆದರೂ ಬಗ್ಗಿದರು. ಹಾಗಿದ್ದ ಮೇಲೆ ದಿನಾ ಬೆಳಗಾದರೆ ಒಂದೇ ಕಟ್ಟೆಯ ಮೇಲೆ ಕೂಡುವ, ಒಂದೇ ಕಾಲುವೆಯ ನೀರು ಹಂಚಿಕೊಳ್ಳುವ, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹಂದರ ಹಾಕುವ ನಮ್ಮ ಮೇಲೆ ಮಂದಿಯ ಮಾತು ಎಷ್ಟು ಭಾರ ಇದ್ದೀತು, ನೀವೇ ವಿಚಾರ ಮಾಡಿ.

ಕತ್ತಲೆಯ ಕೋಣೆಯ ದೀಪ

ಆಶ್ ಅವರಿಗಿಂತ ಮುಂಚೆ, 1935ರಲ್ಲಿ, ತುರ್ಕಸ್ಥಾನದಲ್ಲಿ ಹುಟ್ಟಿ ಅಮೇರಿಕೆಯಲ್ಲಿ ಅಭ್ಯಾಸ ಮಾಡಿದ ಮುಜಫರ್ ಶೆರೀಫ್ ಎಂಬವರು ಇನ್ನೊಂದು ಪ್ರಯೋಗವನ್ನು ಪ್ರಕಟಿಸಿದ್ದರು. ಪೂರಾ ಕತ್ತಲೆಯ ಕೋಣೆಯಲ್ಲಿ ಒಂದು ಸಣ್ಣ ಬೆಳಕಿನ ಚುಕ್ಕೆ. ಅದು ಅಲುಗಾಡುವುದಿಲ್ಲ. ಆದರೆ ಕತ್ತಲೆಯಲ್ಲಿ ಒಂದೇ ಚುಕ್ಕೆಯನ್ನು ನೋಡುತ್ತ ಕುಳಿತರೆ ಅದು ಅಲುಗಾಡಿದಂತೆ ಕಾಣುವುದು ಕಣ್ಣಿನ ಧರ್ಮ. ಎಷ್ಟು ಸರಿಯಿತು ಎಂದು ಒಬ್ಬೊಬ್ಬರನ್ನೇ ಕೇಳಿದಾಗ ಒಬ್ಬ ಕಡಿಮೆ ಹೇಳಿದ, ಇನ್ನೊಬ್ಬ ಬಹಳ ಹೇಳಿದ. ಎರಡು ಮೂರು ಜನರನ್ನು ಕೂಡಿಸಿ ಕೇಳಿದಾಗ ಅವರ ಅಂದಾಜುಗಳು ಬರಬರುತ್ತ ಒಂದಕ್ಕೊಂದು ಹತ್ತಿರವಾದವು. ಮುಂದೆ ಅವರನ್ನು ಮತ್ತೆ ಒಬ್ಬೊಬ್ಬರನ್ನೇ ಕರೆದು ಕೇಳಿದರೂ ಕೂಡಿ ಕುಳಿತಾಗ ಒಪ್ಪಿದ ಅಂದಾಜನ್ನೇ ಹೇಳಿದರು. ಮಂದಿಯ ಅಳತೆ ಅವರ ಸ್ವಂತ ಅಳತೆಯಾಗಿತ್ತು.

ಇವೆರಡೂ ಪ್ರಯೋಗಗಳನ್ನು ಜೋಡಿಸಿ ನೋಡಿದರೆ ಮನುಷ್ಯ ಮಂದಿಯ ಹಿಂದೆ ಹೋಗುವುದಕ್ಕೆ ಎರಡು ಬೇರೆ ಬೇರೆ ಕಾರಣಗಳು ಕಾಣುತ್ತವೆ.

ಒಂದು: “ಇಷ್ಟು ಮಂದಿ ಹೇಳ್ತಾರಂದ್ರ ಅವರಿಗೆ ಏನೋ ಗೊತ್ತಿರಬೇಕು.” ನಮಗೆ ವಿಷಯ ಸ್ಪಷ್ಟವಿಲ್ಲದಾಗ ಈ ಕಾರಣ ಜೋರಾಗಿ ಕೆಲಸ ಮಾಡುತ್ತದೆ. ನಿಂತ ಕಬ್ಬು ಎಕರೆಗೆ ಎಷ್ಟು ಟನ್ ಆದೀತು, ಯಾವ ತಳಿ ನಮ್ಮ ಮಣ್ಣಿಗೆ ಹೊಂದೀತು, ಎಷ್ಟು ದಿನಕ್ಕೊಮ್ಮೆ ನೀರು ಬೇಕು, ಇವೆಲ್ಲ ಕತ್ತಲೆಯ ಕೋಣೆಯ ದೀಪದಂಥ ಪ್ರಶ್ನೆಗಳು. ಕಟ್ಟೆಯ ಮೇಲೆ ಕೂತವರು ಒಂದು ಲೆಕ್ಕ ಹೇಳುತ್ತಾರೆ. ಅದೇ ನಮ್ಮ ಲೆಕ್ಕವೂ ಆಗುತ್ತದೆ.

ಎರಡು: “ನಾ ಒಬ್ಬನ ಬ್ಯಾರೆ ಮಾಡಿದ್ರ ಮಂದಿ ಏನಂದಾರು?” ಇಲ್ಲಿ ನಮಗೆ ಸತ್ಯ ಗೊತ್ತಿರುತ್ತದೆ. ಆದರೂ ನಗೆಪಾಟಲಾಗುವ ಭಯ. “ಊರಾಗ ಇವನೊಬ್ಬನ ಶಾಣ್ಯಾ ಆದ ನೋಡು” ಎಂಬ ಒಂದು ಮಾತು ಸಾಕು, ಎದೆ ಕುಗ್ಗುತ್ತದೆ.

ಮೊದಲನೆಯ ಕಾರಣಕ್ಕೆ ಔಷಧ ತಿಳಿವಳಿಕೆ. ಎರಡನೆಯದಕ್ಕೆ ತಿಳಿವಳಿಕೆಯೊಂದೇ ಸಾಲದು. ರವದಿಯ ವಿಷಯದಲ್ಲಿ ಎಷ್ಟು ಸಲ ಹೇಳಿದರೂ ಬೆಂಕಿ ನಿಲ್ಲದಿರುವುದು ಇದೇ ಕಾರಣದಿಂದ. ಗೊತ್ತಿಲ್ಲದವನಿಗೆ ಕೊಡಬೇಕಾದ ಔಷಧವನ್ನು ಅಂಜುವವನಿಗೆ ಕೊಡುತ್ತ ಬಂದಿದ್ದೇವೆ.

ಒಬ್ಬ ಜೊತೆಗಾರ ಇದ್ದರೆ

ಅಂಜಿಕೆಗೆ ಔಷಧ ಯಾವುದು? ಅದನ್ನೂ ಆಶ್ ಅವರ ಪರೀಕ್ಷೆಯೇ ತೋರಿಸಿಕೊಟ್ಟಿದೆ. ಅವರು ಪ್ರಯೋಗವನ್ನು ಹಲವು ಬಗೆಯಾಗಿ ಬದಲಿಸಿ ನೋಡಿದರು.

ಎದುರಿಗೆ ತಪ್ಪು ಹೇಳುವವನು ಒಬ್ಬನೇ ಇದ್ದರೆ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ. ಇಬ್ಬರಾದರೆ ಸ್ವಲ್ಪ ಹೆಚ್ಚು. ಮೂವರಾದರೆ ಭಾರ ಪೂರಾ ಬಿದ್ದಂತೆಯೇ. ಅದರ ಮೇಲೆ ಎಂಟು, ಹತ್ತು ಎಂದು ಮಂದಿ ಕೂಡಿಸಿದರೂ ಬಹಳ ಹೆಚ್ಚಾಗಲಿಲ್ಲ. ಅಂದರೆ ‘ಊರೆಲ್ಲ’ ಎಂದು ನಾವು ಅಂಜುವುದು ನಿಜವಾಗಿ ಮೂರು ನಾಲ್ಕು ಜನರಿಗೆ.

ಆಮೇಲೆ ಆ ಗುಂಪಿನಲ್ಲಿ ಒಬ್ಬನಿಗೆ ಮಾತ್ರ ಸರಿಯಾದ ಉತ್ತರ ಹೇಳಲು ಸೂಚಿಸಿದರು. ಉಳಿದವರೆಲ್ಲ ಮೊದಲಿನಂತೆಯೇ ತಪ್ಪು ಹೇಳಿದರು. ಆ ಒಬ್ಬ ಜೊತೆಗಾರ ಸಿಕ್ಕ ಕೂಡಲೇ ಪರೀಕ್ಷೆಗೊಳಗಾದವನು ಮಂದಿಗೆ ಮಣಿಯುವುದು ಕಾಲು ಭಾಗಕ್ಕೆ ಇಳಿಯಿತು. ಜೊತೆಗಾರ ಸರಿಯನ್ನು ಹೇಳದೆ ಬೇರೊಂದು ತಪ್ಪನ್ನು ಹೇಳಿದರೂ ಮಂದಿಯ ಹಿಡಿತ ಸಡಿಲವಾಯಿತು. ‘ಮಂದಿ ಬಿಟ್ಟು ಮಾತಾಡಬಹುದು’ ಎಂಬುದೊಂದು ಗೊತ್ತಾದರೆ ನಾಲಿಗೆಯ ಗಂಟು ಬಿಚ್ಚುತ್ತದೆ. ಆದರೆ ಅದೇ ಜೊತೆಗಾರ ನಡುವೆ ಕೈಬಿಟ್ಟು ಮಂದಿಯ ಕಡೆ ಸೇರಿಕೊಂಡಾಗ ಇವನ ತಪ್ಪುಗಳು ಮತ್ತೆ ಮೊದಲಿನ ಮಟ್ಟಕ್ಕೆ ಏರಿದವು.

ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಊರಿನ ಎಲ್ಲರನ್ನೂ ಒಪ್ಪಿಸಬೇಕಾದ ಅಗತ್ಯವಿಲ್ಲ. ಬೇಕಾದವನು ಒಬ್ಬ, ನಡುವೆ ಕೈಬಿಡದ ಒಬ್ಬ.

ಆಯೋವಾದ ಗೋವಿನಜೋಳ

ಕಾಲೇಜು ಹುಡುಗರ ಕಥೆ ನಮಗೇಕೆ ಎನ್ನಬಹುದು. ಹಾಗಾದರೆ ಒಕ್ಕಲಿಗರ ಕಥೆಯನ್ನೇ ಕೇಳಿ.

ಅಮೇರಿಕೆಯ ಆಯೋವಾ ರಾಜ್ಯ ಗೋವಿನಜೋಳಕ್ಕೆ ಹೆಸರಾದದ್ದು. ಅಲ್ಲಿಯ ರೈತರಿಗೆ 1928ರ ಸುಮಾರಿಗೆ ಹೈಬ್ರಿಡ್ ಬೀಜ ಸಿಗತೊಡಗಿತು. ಹಳೆಯ ಬೀಜಕ್ಕಿಂತ ನೂರಕ್ಕೆ ಸುಮಾರು 20ರಷ್ಟು ಹೆಚ್ಚು ಇಳುವರಿ. ಬರಗಾಲ ತಡೆಯುವ ಗುಣವೂ ಇತ್ತು. ತೊಂದರೆಯೆಂದರೆ ಬೀಜವನ್ನು ಪ್ರತಿ ವರ್ಷ ದುಡ್ಡು ಕೊಟ್ಟು ತರಬೇಕು. ಮನೆಯ ತೆನೆಯನ್ನು ಬೀಜಕ್ಕೆ ಎತ್ತಿಡುವಂತಿಲ್ಲ. ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಅಲ್ಲಿಯ ಎರಡು ಊರುಗಳ 259 ರೈತರನ್ನು ಮಾತಾಡಿಸಿ, ಯಾರು ಯಾವಾಗ ಈ ಬೀಜ ಬಿತ್ತಿದರು, ಯಾರ ಮಾತು ಕೇಳಿ ಬಿತ್ತಿದರು ಎಂದು ವಿಚಾರಿಸಿ 1943ರಲ್ಲಿ ಪ್ರಕಟಿಸಿದರು.

ಮೊದಲ ಐದು ವರ್ಷಗಳಲ್ಲಿ ನೂರಕ್ಕೆ ಹತ್ತು ಜನ ಮಾತ್ರ ಹೊಸ ಬೀಜ ಹಿಡಿದಿದ್ದರು. ಮುಂದಿನ ಮೂರೇ ವರ್ಷಗಳಲ್ಲಿ ಅದು ನೂರಕ್ಕೆ ನಲವತ್ತಕ್ಕೆ ಏರಿತು. 1941ರ ಹೊತ್ತಿಗೆ ಆ 259 ಜನರಲ್ಲಿ ಇಬ್ಬರ ಹೊರತು ಎಲ್ಲರೂ ಹೊಸ ಬೀಜ ಹಿಡಿದಾಗಿತ್ತು. ಬೀಜದ ಗುಣ ಮೊದಲ ವರ್ಷದಿಂದಲೂ ಅದೇ. ಬದಲಾದದ್ದು ಸುತ್ತಲಿನ ಹೊಲಗಳು. ಹೊಸ ಬೀಜದ ಸುದ್ದಿ ಹೆಚ್ಚಿನವರಿಗೆ ಮೊದಲು ತಿಳಿದದ್ದು ಬೀಜ ಮಾರುವವರಿಂದ. ಆದರೆ ಬಿತ್ತುವ ಧೈರ್ಯ ಕೊಟ್ಟವರು ಯಾರು ಎಂದರೆ ಹೆಚ್ಚಿನವರು ಹೇಳಿದ್ದು ನೆರೆಯ ಹೊಲದವರನ್ನು. ಮೊದಲು ಹಿಡಿದವರೂ ಇಡೀ ಹೊಲಕ್ಕೆ ಹಾಕಿರಲಿಲ್ಲ. ಒಂದಿಷ್ಟು ಜಾಗದಲ್ಲಿ ಬಿತ್ತಿ, ಕಣ್ಣಾರೆ ಕಂಡು, ವರ್ಷವರ್ಷ ಹೆಚ್ಚಿಸುತ್ತ ಹೋದರು.

ನೋಡಿ, ಮಂದಿಯ ಅದೇ ಶಕ್ತಿ ಮೊದಲು ಹೊಸ ಬೀಜವನ್ನು ತಡೆದು ನಿಲ್ಲಿಸಿತು. ಆಮೇಲೆ ಅದೇ ಶಕ್ತಿ ಅದನ್ನು ಊರತುಂಬ ಹಬ್ಬಿಸಿತು. ನಡುವೆ ನಿಂತವರು ಸಣ್ಣ ತುಂಡಿನಲ್ಲಿ ಮೊದಲು ಬಿತ್ತಿದ ಕೆಲವೇ ಜನ.

ಮಂದಿ ವೈರಿಯಲ್ಲ

ಆದುದರಿಂದ ಮಂದಿಯ ಜೊತೆ ಹೋಗುವುದೇ ತಪ್ಪೆಂದು ತಿಳಿಯಬಾರದು. ಕುರಿಯ ಹಿಂದೆ ಕುರಿ ಹಳ್ಳಕ್ಕೆ ಬಿದ್ದಂತೆ ಎಂಬ ಮಾತೂ ನಮ್ಮಲ್ಲಿದೆ. ಹತ್ತರ ಕೂಡ ಹನ್ನೊಂದು ಎಂಬ ಮಾತೂ ನಮ್ಮಲ್ಲಿದೆ. ಸಹಕಾರಿ ಕಾರಖಾನೆಯೆಂಬುದೇ ಮಂದಿಯ ಬಲದಿಂದ ನಿಂತದ್ದು. ಅಹಮದನಗರ ಜಿಲ್ಲೆಯಲ್ಲಿ ವಿಠ್ಠಲರಾವ ವಿಖೆ ಪಾಟೀಲರು ಸಣ್ಣ ಸಣ್ಣ ಹಿಡುವಳಿಯ ರೈತರಿಂದ ಶೇರು ಕೂಡಿಸಿ, ಅರ್ಥಶಾಸ್ತ್ರಜ್ಞ ಧನಂಜಯರಾವ ಗಾಡಗೀಳರ ಮಾರ್ಗದರ್ಶನದಲ್ಲಿ ಪ್ರವರಾದ ಕಾರಖಾನೆಯನ್ನು ಕಟ್ಟಿದರು. 1950-51ರ ಹಂಗಾಮಿನಲ್ಲಿ ಅದು ಕಬ್ಬು ನುರಿಸತೊಡಗಿತು. ರೈತರು ಕಾರಖಾನೆ ನಡೆಸಬಲ್ಲರು ಎಂಬುದನ್ನು ಒಂದು ಕಡೆ ಕಣ್ಣಾರೆ ಕಂಡ ಮೇಲೆ ಮಹಾರಾಷ್ಟ್ರದ ಬೇರೆ ಬೇರೆ ಕಡೆಯ ರೈತರೂ ಶೇರು ತುಂಬಿದರು. ಇದೂ ‘ಎಲ್ಲರೂ ಮಾಡಿದರು, ನಾನೂ ಮಾಡಿದೆ’ ಎಂಬುದೇ. ಆದರೆ ಒಳ್ಳೆಯ ದಾರಿಯಲ್ಲಿ.

ಪ್ರಶ್ನೆ ಇಷ್ಟೇ: ಮಂದಿ ಹೋಗುವ ದಾರಿಯನ್ನು ನಾನು ನೋಡಿಕೊಂಡು ಹೋಗುತ್ತಿದ್ದೇನೆಯೋ, ಕಣ್ಣು ಮುಚ್ಚಿಕೊಂಡು ಹೋಗುತ್ತಿದ್ದೇನೆಯೋ? ಹಾಗೆಯೇ ಒಂಟಿ ದನಿಯೆಲ್ಲ ಸತ್ಯವೆಂದೂ ಅಲ್ಲ. ಮಂದಿಯಾಗಲಿ ಒಬ್ಬನಾಗಲಿ, ಯಾರ ಮಾತು ಖರೆ ಎಂಬುದನ್ನು ಹೊಲದ ಅಳತೆ ಮತ್ತು ತೂಕದ ಚೀಟಿ ಹೇಳಬೇಕು.

ಹತ್ತು ಗುಂಟೆ, ಇಬ್ಬರು ನೆರೆಯವರು

ಈಗ ರವದಿಯ ಮಾತಿಗೆ ಬರೋಣ. ಎಕರೆಗೆ 3ರಿಂದ 4 ಟನ್ ರವದಿ ಬೀಳುತ್ತದೆ. ಸುಟ್ಟರೆ ಅದರೊಳಗಿನ ಸಾರಜನಕ ಬಹುಪಾಲು ಗಾಳಿಗೆ ಹೋಗುತ್ತದೆ, ಸಾವಯವ ಅಂಶ ಪೂರಾ ಹೋಗುತ್ತದೆ, ಕೈಗೆ ಬೂದಿ ಉಳಿಯುತ್ತದೆ. ಹೊಲದಲ್ಲಿಯೇ ಕೊಳೆಸಿದರೆ ಮಣ್ಣಿಗೆ ಕಸುವು ಬರುತ್ತದೆ, ತೇವ ಬೇಗ ಆರುವುದಿಲ್ಲ, ಕಸ ಕಡಿಮೆ ಬೆಳೆಯುತ್ತದೆ. ನೀರಿಗೆ ಕೊರತೆಯಿರುವ ಜತ್ತ, ಅಕ್ಕಲಕೋಟೆಯಂಥ ಸೀಮೆಯಲ್ಲಿ ಒಂದು ಸರದಿಯ ನೀರು ಉಳಿದರೂ ಅದು ಸಣ್ಣ ಮಾತಲ್ಲ.

ಸುಡುವವರು ಹೇಳುವ ಅಡಚಣೆಗಳೂ ಸುಳ್ಳಲ್ಲ. ರವದಿ ಬುಡದ ಮೇಲೆ ಬಿದ್ದರೆ ಕುಳೆಯ ಮೊಳಕೆ ಏಳುವುದಕ್ಕೆ ತಡೆಯಾಗುತ್ತದೆ. ಮೊದಲ ನೀರು ನಿಧಾನವಾಗಿ ಹರಿಯುತ್ತದೆ. ಕೂಲಿ ಖರ್ಚೂ ಇದೆ. ಆದ್ದರಿಂದಲೇ ಇಡೀ ಹೊಲಕ್ಕೆ ಒಮ್ಮೆಲೇ ಮಾಡಿರೆಂದು ಇಲ್ಲಿ ಹೇಳುವುದಿಲ್ಲ. ಆಯೋವಾದ ರೈತರಂತೆ ಮಾಡಿರಿ.

1. ಈ ಹಂಗಾಮಿನಲ್ಲಿ ಹತ್ತು ಗುಂಟೆ ಮಾತ್ರ ಆರಿಸಿರಿ. ಅಷ್ಟು ಜಾಗದ ರವದಿ ಹೆಚ್ಚುಕಡಿಮೆ ಒಂದು ಟನ್ ಆಗುತ್ತದೆ.

2. ಕಬ್ಬಿನ ಬುಡಗಳನ್ನು ನೆಲಮಟ್ಟಕ್ಕೆ ಸವರಿರಿ. ಬುಡದ ಮೇಲಿನ ರವದಿಯನ್ನು ಸರಿಸಿ ಸಾಲಿನೊಳಗೆ ಹರವಿರಿ.

3. ಒಂದು ಟನ್ ರವದಿಗೆ 8 ಕಿಲೋ ಯೂರಿಯಾ, 10 ಕಿಲೋ ಸುಪರ್ ಫಾಸ್ಫೇಟ್ ಮತ್ತು ರವದಿ ಕೊಳೆಸುವ ಜೀವಾಣುವಿನ ಪುಡಿ 1 ಕಿಲೋ ಪ್ರಮಾಣದಲ್ಲಿ ಚೆಲ್ಲಿ ನೀರು ಹಾಯಿಸಿರಿ.

4. ಮಗ್ಗುಲಿನ ಹೊಲದ ಬೆಂಕಿ ದಾಟಿ ಬರದಂತೆ ಬದುವಿನ ಪಕ್ಕದ ರವದಿಯನ್ನು ಅಗಲವಾಗಿ ಸರಿಸಿ ನೆಲ ಬರಿದು ಮಾಡಿರಿ.

5. ಎಲ್ಲಕ್ಕಿಂತ ಮುಖ್ಯವಾದದ್ದು: ಕಟಾವಿಗೆ ಮುಂಚೆಯೇ ಬದುವಿನಾಚೆಯ ಒಬ್ಬ ನೆರೆಯವರ ಜೊತೆ ಮಾತಾಡಿರಿ. “ನೀವೂ ಹತ್ತು ಗುಂಟೆ ಬಿಡ್ರಿ, ನಾನೂ ಹತ್ತು ಗುಂಟೆ ಬಿಡತೇನಿ” ಎಂದು ನಿಶ್ಚಯಿಸಿರಿ. ಕಟ್ಟೆಯ ಮೇಲೆ ನಗುವವರು ನಗಲಿ. ನಗೆಯನ್ನು ಇಬ್ಬರು ಹಂಚಿಕೊಂಡರೆ ಅದು ಹಗುರ. ಒಬ್ಬರೇ ಇದ್ದರೆ ಆ ಸಂಜೆ ಹೊಗೆ ಕಂಡಾಗ ಕೈ ತಾನೇ ಕಿಸೆಗೆ ಹೋಗುತ್ತದೆ.

6. ಆ ಹತ್ತು ಗುಂಟೆಯ ಕಬ್ಬನ್ನೂ ಸುಟ್ಟ ಕಡೆಯ ಹತ್ತು ಗುಂಟೆಯ ಕಬ್ಬನ್ನೂ ಮುಂದಿನ ಕಟಾವಿನಲ್ಲಿ ಬೇರೆ ಬೇರೆ ತೂಗಿಸಿರಿ. ಎಷ್ಟು ಸಲ ನೀರು ಕೊಟ್ಟಿರಿ, ಕಸಕ್ಕೆ ಎಷ್ಟು ಕೂಲಿ ಆಯಿತು ಎಂಬುದನ್ನೂ ಬರೆದಿಡಿರಿ. ಆ ಲೆಕ್ಕವನ್ನು ಕಟ್ಟೆಯ ಮೇಲೆ ಓದಿ ಹೇಳಿರಿ. ಲಾಭವಾಗಿದ್ದರೂ ಹೇಳಿರಿ, ಆಗದಿದ್ದರೂ ಹೇಳಿರಿ.

“ಮಂಜೂರ! ಮಂಜೂರ!”

ಹೊಲದ ಮಾತು ಇಷ್ಟಾಯಿತು. ಇದೇ ಶಕ್ತಿ ಇನ್ನೊಂದು ಜಾಗದಲ್ಲಿಯೂ ಕೆಲಸ ಮಾಡುತ್ತದೆ. ಅದು ಸಹಕಾರಿ ಸಂಸ್ಥೆಗಳ ವಾರ್ಷಿಕ ಸರ್ವಸಾಧಾರಣ ಸಭೆ.

ದೊಡ್ಡ ಹಂದರ, ಸಾವಿರಾರು ಜನ. ವಿಷಯ ಓದುತ್ತಾರೆ. ಮುಂದಿನ ಸಾಲಿನಿಂದ “ಮಂಜೂರ!” ಎಂಬ ದನಿ ಏಳುತ್ತದೆ. ಹಿಂದಿನ ಸಾಲಿನವರೂ “ಮಂಜೂರ!” ಎನ್ನುತ್ತಾರೆ. ಓದಿದ್ದು ಮರಾಠಿಯಲ್ಲಿ. ನಮ್ಮ ಕನ್ನಡ ಊರುಗಳಿಂದ ಬಂದ ಹಿರಿಯರಲ್ಲಿ ಕೆಲವರಿಗೆ ಅದು ಅರ್ಧ ತಿಳಿದಿರುತ್ತದೆ, ಅರ್ಧ ತಿಳಿದಿರುವುದಿಲ್ಲ. ಆದರೆ ಮಗ್ಗುಲಿನವರ ಕೈ ಮೇಲೆ ಹೋಯಿತು, ಇವರ ಕೈಯೂ ಹೋಯಿತು. ಗೆರೆಗಳ ಪರೀಕ್ಷೆ ಎಂದರೆ ಇದೇ. ವ್ಯತ್ಯಾಸವೆಂದರೆ ಅಲ್ಲಿ ಬರೀ ಗೆರೆಗಳಿದ್ದವು. ಇಲ್ಲಿರುವುದು ನಿಮ್ಮ ಕಬ್ಬಿನ ಹಣದ ಲೆಕ್ಕ.

ಸಹಕಾರದ ಕಾಯದೆ ಇದನ್ನು ಮೊದಲೇ ಅರಿತಂತಿದೆ. ಮಹಾರಾಷ್ಟ್ರದ 1960ರ ಸಹಕಾರ ಕಾಯದೆಯ ಪ್ರಕಾರ ಶೇರು ಎಷ್ಟಿದ್ದರೂ ಸಭಾಸದನಿಗೆ ಒಂದೇ ಮತ. ಸಂಚಾಲಕ ಮಂಡಳದ ಚುನಾವಣೆಯಲ್ಲಿ ಆ ಮತ ಗುಪ್ತ. ಗುಪ್ತ ಮತದ ಹಿಂದಿನ ವಿವೇಕ ಏನೆಂಬುದು ಆಶ್ ಅವರ ಪ್ರಯೋಗದಿಂದಲೇ ತಿಳಿಯುತ್ತದೆ. ಬಾಯಿಂದ ಹೇಳುವ ಬದಲು ಉತ್ತರವನ್ನು ಚೀಟಿಯಲ್ಲಿ ಬರೆದುಕೊಡಲು ಬಿಟ್ಟಾಗ ಮಂದಿಗೆ ಮಣಿಯುವವರ ಸಂಖ್ಯೆ ಬಹಳ ಇಳಿಯಿತು. ಕೈ ಎತ್ತುವಾಗ ಮಂದಿ ನೋಡುತ್ತಾರೆ. ಚೀಟಿಯ ಮೇಲೆ ಗುರುತು ಮಾಡುವಾಗ ಯಾರೂ ನೋಡುವುದಿಲ್ಲ.

ಹೀಗಾಗಿ ಸಭಾಸದರಲ್ಲಿ ವಿನಂತಿ ಏನೆಂದರೆ, ಸಭೆಗೆ ಮುಂಚೆ ಬರುವ ವಾರ್ಷಿಕ ವರದಿಯನ್ನು ಮನೆಯಲ್ಲಿ ಕುಳಿತು ಓದಿರಿ, ಇಲ್ಲವೇ ಶಾಲೆ ಕಲಿಯುವ ಮಕ್ಕಳಿಂದ ಓದಿಸಿ ಕೇಳಿರಿ. ತಿಳಿಯದ ಒಂದು ಅಂಕಿಗೆ ಗುರುತು ಹಾಕಿರಿ. ಸಭೆಯಲ್ಲಿ ಎದ್ದು ನಿಂತು, “ಈ ಖರ್ಚು ಹೋದ ವರ್ಷಕ್ಕಿಂತ ಯಾಕೆ ಹೆಚ್ಚಾಯಿತು, ಕನ್ನಡದಲ್ಲಿ ತಿಳಿಸಿ ಹೇಳಿರಿ” ಎಂದು ಕೇಳಿರಿ. ಕೇಳುವವನು ಸಂಸ್ಥೆಯ ವೈರಿಯಲ್ಲ, ಅವನು ಅದರ ಮಾಲೀಕ. ಮತ್ತು ಯಾರಾದರೂ ಹಾಗೆ ಎದ್ದು ನಿಂತಾಗ ನಿಮಗೆ ಅವರ ಮಾತು ಒಪ್ಪಿಗೆಯಾಗದಿದ್ದರೂ ಕೂಗಿ ಕೂಡಿಸಬೇಡಿರಿ. ಅವರು ನಿಂತದ್ದರಿಂದ ಹಿಂದಿನ ಸಾಲಿನಲ್ಲಿ ಅದೇ ಪ್ರಶ್ನೆಯನ್ನು ಬಾಯೊಳಗೆ ಇಟ್ಟುಕೊಂಡು ಕುಳಿತ ಎಷ್ಟೋ ಜನರ ನಾಲಿಗೆ ಬಿಚ್ಚುತ್ತದೆ.

ಬಾಂಧವರೇ, ಮುಂದಿನ ಹಂಗಾಮಿನಲ್ಲಿ ಟೋಳಿಯವರು ನಿಮ್ಮ ಹೊಲದಿಂದ ಹೊರಬಿದ್ದ ಸಂಜೆ ಮೂಡಲ ಮಗ್ಗುಲಿನಲ್ಲಿ ಹೊಗೆ ಏಳುತ್ತದೆ. ಆಗ ಬದುವಿನ ಮೇಲೆ ಒಂದು ಗಳಿಗೆ ನಿಲ್ಲಿರಿ. “ಇದು ನನ್ನ ವಿಚಾರವೋ, ಮಂದಿಯ ವಿಚಾರವೋ?” ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ಬದುವಿನಾಚೆ ಇನ್ನೊಬ್ಬರು ಹಾಗೆಯೇ ನಿಂತಿದ್ದರೆ ಅವರನ್ನು ಕರೆದು ಮಾತಾಡಿಸಿರಿ. ಅವರೂ ನಿಮ್ಮನ್ನು ನೋಡಿಯೇ ಕಡ್ಡಿ ಗೀರಬೇಕೆಂದು ಕಾಯುತ್ತಿರಬಹುದು.